ಹಡಗಕ್ಕನ ಇನ್ನೂರು ರಾತ್ರಿ

ಒಬ್ಬ ರಾಜ ಇದ್ದ ಎಂದು ಶುರುಮಾಡೋಣವೆಂದರೆ ಈ ಕಥೆಯಲ್ಲಿ ರಾಜನೂ ಇಲ್ಲ, ರಾಣಿಯೂ ಇಲ್ಲ. ಬಸ್ ನಿಲ್ದಾಣದ ಎದುರಿನ ಸಾಲಂಗಡಿಯಲ್ಲಿ ಹಳೆ ಬಟ್ಟೆ ಸರಿಮಾಡಿಕೊಡುವ ಒಬ್ಬಳು ದರ್ಜಿ, ಪಕ್ಕದ ಅಂಗಡಿಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುವ ಗಡಿಯಾರ ರಿಪೇರಿಯ ಅವಳ ಗಂಡ, ಇಷ್ಟೇ. ಎರಡು ಅಂಗಡಿಗಳ ನಡುವೆ ಹಲಗೆಯ ಗೋಡೆ, ಹಲಗೆಯಲ್ಲಿ ಒಂದು ಕಿಂಡಿ. ಆ ಕಿಂಡಿಯಲ್ಲಿ ಟೀ ಲೋಟವೂ ಜಗಳವೂ ದಿನಕ್ಕೆ ನಾಲ್ಕು ಸಲ ಆಚೀಚೆ ಹೋಗಿಬರುತ್ತಿದ್ದವು.

ಇವಳಿಗೆ ಹಡಗಕ್ಕ ಎಂಬ ಹೆಸರಿಟ್ಟದ್ದು ಬೀದಿಯ ಜನ. ಮದುವೆಯಾಗಿ ಹದಿನೈದು ವರ್ಷವಾದಾಗ ಗಂಡಹೆಂಡತಿ ಇಬ್ಬರೂ ಅಂಗಡಿಗೆ ಬೀಗ ಜಡಿದು ಒಂದು ಪ್ರಯಾಣಿಕರ ಹಡಗು ಹತ್ತಿದರು. ಒಂಬತ್ತು ರಾತ್ರಿಯ ಯಾನ. ಹೋದವರು ಬದಲಾಗಿಯೇ ಬಂದರು. ಮರುವರ್ಷ ಮತ್ತೆ ಅದೇ ಕಂಪನಿಯ ಹಡಗು, ಅದರ ಮರುವರ್ಷ ಮತ್ತೆ. ಇಪ್ಪತ್ತೆರಡು ಸಲ! ಬೇರೆಯವರು ಮನೆ ಕಟ್ಟಿದರು, ಕಾರು ಕೊಂಡರು. ಇವರು ಒಂದೇ ಸೀರೆಗೆ ಮೂರು ಸಲ ಅಂಚು ಬದಲಿಸಿ ಹಡಗು ಹತ್ತಿದರು. ಅವಳ ಗಂಡ ಗಡಿಯಾರದಪ್ಪನಿಗೆ ಅಲ್ಲಿ ಹಿಡಿಸಿದ್ದು ಸಮುದ್ರವಲ್ಲ. ಹಡಗು ಒಂದು ದೇಶದ ಹೊತ್ತಿನಿಂದ ಇನ್ನೊಂದು ದೇಶದ ಹೊತ್ತಿಗೆ ದಾಟುವಾಗ ಗೋಡೆಯ ಗಡಿಯಾರಗಳೆಲ್ಲ ತಮ್ಮಷ್ಟಕ್ಕೆ ಒಂದು ಗಂಟೆ ಮುಂದಕ್ಕೆ ಓಡುವುದನ್ನು ನೋಡುತ್ತಾ ಅವನು ಕೈಕಟ್ಟಿ ನಿಲ್ಲುತ್ತಿದ್ದ. "ನೋಡೇ, ಯಾರೂ ಮುಳ್ಳು ಮುಟ್ಟಲಿಲ್ಲ," ಎನ್ನುತ್ತಿದ್ದ, ಜಗತ್ತೇ ತನಗೆ ರಜೆ ಕೊಟ್ಟಂತೆ.

ಹಡಗಕ್ಕನಿಗೆ ಹಿಡಿಸಿದ್ದು ಮರ್ಯಾದೆ. ಊರಲ್ಲಿ ಅವಳನ್ನು "ಏನಮ್ಮಾ, ಪ್ಯಾಂಟು ಆಯ್ತಾ?" ಎಂದು ಕೇಳುವವರೇ ಎಲ್ಲ. ಹಡಗಿನಲ್ಲಿ ಹಾಗಲ್ಲ. ಎಷ್ಟು ರಾತ್ರಿ ತೇಲಿದ್ದೀರಿ ಎಂಬುದರ ಮೇಲೆ ಮೆಟ್ಟಿಲು, ಮೆಟ್ಟಿಲಿಗೆ ತಕ್ಕ ಕಾರ್ಡು, ಕಾರ್ಡಿಗೆ ತಕ್ಕ ಉಪಚಾರ. ಹತ್ತುವಾಗ ಬೇರೆ ಸಾಲು, ಕೋಣೆಯಲ್ಲಿ ಹಣ್ಣಿನ ಬುಟ್ಟಿ, ಬಿಳಿ ಚಪ್ಪಲಿ. ಕಂಪನಿ ದೊಡ್ಡದಾದಂತೆ ಉಪಚಾರ ಸಣ್ಣದಾಯಿತೆನ್ನಿ. ಬುಟ್ಟಿ ತಟ್ಟೆಯಾಯಿತು, ತಟ್ಟೆ ಒಂದು ಸೇಬಾಯಿತು, ಕೊನೆಗೆ ಸೇಬೂ ಹೋಗಿ ಒಂದು ಚೀಟಿ ಬಂತು: 'ಹಣ್ಣು ಬೇಕಿದ್ದಲ್ಲಿ ದಯವಿಟ್ಟು ಕೇಳಿ.' ಹಡಗಕ್ಕ ಕೇಳಿದಳು. ಹಣ್ಣು ಬರಲಿಲ್ಲ. ಆದರೂ ಮುಂದಿನ ವರ್ಷ ಹೋದಳು. ಕೆಟ್ಟರೂ ನಮ್ಮ ಹಡಗು ತಾನೇ ಅನ್ನುವಳು.

ಹೀಗಿರುವಾಗ ಗಡಿಯಾರದಪ್ಪನ ಎಡಭಾಗಕ್ಕೆ ಲಕ್ವಾ ಹೊಡೆಯಿತು. ಎಡಗೈಯ ಚಿಮುಟದಲ್ಲಿ ಕೂದಲೆಳೆಯಂಥ ತಂತಿ ಹಿಡಿಯುತ್ತಿದ್ದ ಎಡಚ, ಆ ಕೈಯಲ್ಲಿ ಚಮಚ ಹಿಡಿಯಲಾರದೆ ಹೋದ. ಗಾಲಿಕುರ್ಚಿ ಬಂತು. ಮನೆಯ ಬಚ್ಚಲ ಬಾಗಿಲನ್ನು ಒಡೆಸಿ ಅಗಲ ಮಾಡಿಸಿದರು, ಗೋಡೆಗೆ ಹಿಡಿಕೆ ಹಾಕಿಸಿದರು. ಒಂದು ವರ್ಷ ಒದ್ದಾಡಿ ಅವನು ಒಂದೇ ಒಂದು ವಿದ್ಯೆ ಮರಳಿ ಕಲಿತ. ಗಾಲಿಕುರ್ಚಿಯನ್ನು ತಾನೇ ಬಚ್ಚಲೊಳಗೆ ತಳ್ಳಿಕೊಂಡು ಹೋಗಿ, ಹಿಡಿಕೆ ಹಿಡಿದು ಜರುಗಿ, ಕೆಲಸ ಮುಗಿಸಿ, ತಾನೇ ಹೊರಗೆ ಬರುವುದು. ಉಣ್ಣುವಾಗ ಅನ್ನ ಕಲಸಿಕೊಡಬೇಕು, ಅಂಗಿ ತೊಡಿಸಬೇಕು, ಎಲ್ಲಕ್ಕೂ ಒಪ್ಪಿದ. ಬಚ್ಚಲಿಗೆ ಮಾತ್ರ ಯಾರೂ ಬರಕೂಡದು.

ಹಡಗಕ್ಕ ಇಪ್ಪತ್ತಮೂರನೆಯ ಯಾನದ ಮಾತು ತೆಗೆದಾಗ ಅವನು ಹೇಳಿದ್ದೂ ಅದನ್ನೇ.

"ಬರ್ತೀನಿ ಕಣೇ. ಆದ್ರೆ ಬಚ್ಚಲಿಗೆ ನಾನೊಬ್ಬನೇ ಹೋಗೋ ಹಾಗಿರ್ಬೇಕು. ಇನ್ನೊಬ್ರ ಕೈಲಿ ಎತ್ತಿಸ್ಕೊಂಡು ಹೋಗೋ ಹಾಗಿದ್ರೆ ನಿನ್ನ ಹಡಗೂ ಬೇಡ, ಅದರ ಸಮುದ್ರಾನೂ ಬೇಡ."

"ರೀ, ಅದಕ್ಕೇ ಅಂತ ಅಗಲ ಬಾಗಿಲಿನ ಕೋಣೆ ಇರುತ್ತೆ. ಒಟ್ಟು ಹಡಗಿಗೆ ಹನ್ನೆರಡೇ. ಹನ್ನೊಂದು ತಿಂಗಳು ಮುಂಚೇನೇ ಹಿಡಿದಿಡ್ತೀನಿ. ಮಾತು ಕೊಟ್ಟೆ, ಸರೀನಾ?"

ಅಲ್ಲೇ ಕೂತಿದ್ದ ನಾದಿನಿ ಸುಮ್ಮನಿರಬೇಕಲ್ಲ! "ಅತ್ತಿಗೆ, ನೆಲದ ಮೇಲೇ ನಿಲ್ಲೋಕಾಗದ ನನ್ನಣ್ಣನ್ನ ನೀರಿನ ಮೇಲೆ ನಿಲ್ಲಿಸ್ತೀಯಲ್ಲಾ, ನಿನ್ನ ಧೈರ್ಯ ಮೆಚ್ಚಬೇಕು."

"ನಿಲ್ಲಿಸಲ್ಲ ಕಣಮ್ಮಾ, ಕೂರಿಸ್ತೀನಿ," ಎಂದಳು ಹಡಗಕ್ಕ.

ಕೋಣೆ ಸಿಕ್ಕಿತು. ಕಾಗದ ಬಂತು. ಅದನ್ನವಳು ಬೀರುವಿನಲ್ಲಿ ಸೀರೆಗಳ ಕೆಳಗಿಟ್ಟಳು. ಹೊರಡಲು ಎರಡು ದಿನವಿರುವಾಗ ಫೋನಿಗೊಂದು ಸಂದೇಶ ಬಂತು, ಸುತ್ತ ಬಣ್ಣದ ಕಾಗದ ಹಾರಾಡುವ ಚಿತ್ರದೊಂದಿಗೆ: 'ಅಭಿನಂದನೆಗಳು! ಈ ಯಾನದಲ್ಲಿ ನೀವು ಇನ್ನೂರು ರಾತ್ರಿ ದಾಟುತ್ತೀರಿ. ನಮ್ಮ ಪ್ರೀತಿಯ ಕಾಣಿಕೆಯಾಗಿ ನಿಮ್ಮನ್ನು ಹತ್ತನೇ ಮಹಡಿಯ ಬಾಲ್ಕನಿ ಕೋಣೆಗೆ ಏರಿಸಲಾಗಿದೆ!'

ಹಡಗಕ್ಕ ತಕ್ಷಣ ಫೋನ್ ಮಾಡಿದಳು. ಐವತ್ತು ನಿಮಿಷ ಪಿಟೀಲು ಕೇಳಿಸಿದರು. ಆಮೇಲೆ ಒಬ್ಬಳು ಸಿಕ್ಕಿ, "ಮೇಡಂ, ಗಾಬರಿ ಬೇಡ, ಬಂದರಿನಲ್ಲಿ ಸರಿಮಾಡಿಕೊಡ್ತಾರೆ" ಎಂದಳು. ಬಂದರಿನವರು, "ಹಡಗಿನೊಳಗೆ ಸರಿಮಾಡ್ತಾರೆ ಮೇಡಂ" ಎಂದರು. ಹಡಗಿನೊಳಗಿನವರು, "ಇದು ದಡದ ಆಫೀಸಿನವರು ಮಾಡಬೇಕಾದ್ದು" ಎಂದರು. ಅಷ್ಟು ಹೊತ್ತಿಗೆ ದಡ ಎಲ್ಲಿತ್ತು? ಹಡಗು ಬಿಟ್ಟಾಗಿತ್ತು.

ಹತ್ತನೇ ಮಹಡಿಯ ಕೋಣೆ ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಬೇಕು. ಗಾಜಿನ ಬಾಗಿಲು, ಆಚೆ ಬಾಲ್ಕನಿ, ಆಚೆ ನೀಲಿ. ಆದರೆ ಗಾಲಿಕುರ್ಚಿ ಕೋಣೆಯ ಬಾಗಿಲಲ್ಲೇ ಕಚ್ಚಿಕೊಂಡಿತು. ಹಡಗಕ್ಕ ಚೀಲದಿಂದ ಅಳತೆ ಟೇಪು ತೆಗೆದಳು. ಕುರ್ಚಿ ಇಪ್ಪತ್ತೈದು ಇಂಚು. ಕೋಣೆಯ ಬಾಗಿಲು ಇಪ್ಪತ್ಮೂರು. ಬಚ್ಚಲ ಬಾಗಿಲು ಇಪ್ಪತ್ತು, ಸಾಲದ್ದಕ್ಕೆ ನಾಲ್ಕು ಬೆರಳೆತ್ತರದ ಹೊಸ್ತಿಲು. ಬಟ್ಟೆಯಾಗಿದ್ದರೆ ಹೊಲಿಗೆ ಬಿಚ್ಚಿ ಸಡಿಲ ಮಾಡಬಹುದಿತ್ತು. ಕಬ್ಬಿಣಕ್ಕೆ ಯಾವ ಹೊಲಿಗೆ ಬಿಚ್ಚುವುದು?

ಕೋಣೆ ನೋಡಿಕೊಳ್ಳುವವನು ಬಂದ. ನಲವತ್ತು ದಾಟಿದ ಆಸಾಮಿ, ಎರಡು ಮಕ್ಕಳ ತಂದೆ. ಕುರ್ಚಿ ಮಡಚಿ ಹೊರಗಿಟ್ಟ, ಗಡಿಯಾರದಪ್ಪನನ್ನು ಎರಡೂ ತೋಳಲ್ಲಿ ಎತ್ತಿ ಮಂಚಕ್ಕೆ ತಂದ. "ಅಪ್ಪಾಜಿ, ಬಚ್ಚಲಿಗೆ ಹೋಗ್ಬೇಕಾದ್ರೆ ಈ ಬೆಲ್ ಒತ್ತಿ. ನಾನು ಬಂದು ಕರ್ಕೊಂಡು ಹೋಗ್ತೀನಿ. ಸಂಕೋಚ ಬೇಡ," ಎಂದ. ಒಳ್ಳೆಯ ಮನುಷ್ಯ. ಗಡಿಯಾರದಪ್ಪ ಕೃತಜ್ಞತೆಯಿಂದ ತಲೆಯಾಡಿಸಿ, ಗೋಡೆ ಕಡೆ ಮುಖ ತಿರುಗಿಸಿ ಮಲಗಿದ.

ಮರುದಿನ ಬೆಳಿಗ್ಗೆ ಹಡಗಕ್ಕ ಐದನೇ ಮಹಡಿಯ ಗ್ರಾಹಕರ ಸೇವೆಯ ಕೌಂಟರಿಗೆ ಇಳಿದಳು. ಮುಂದೆ ಹದಿನಾಲ್ಕು ಜನ. ಒಬ್ಬನಿಗೆ ಕೋಣೆ ತಣ್ಣಗಿದೆ, ಇನ್ನೊಬ್ಬಳಿಗೆ ದಿಂಬು ದಪ್ಪ, ಲಾರಿ ಇಟ್ಟುಕೊಂಡ ಒಬ್ಬ ದಪ್ಪ ಮೀಸೆಯವನು ಬಚ್ಚಲ ನೀರು ಕೋಣೆಗೆಲ್ಲ ಹರಿಯುತ್ತದೆ ಎಂದು ಕೂಗಾಡುತ್ತಿದ್ದ. ತನ್ನ ಸರದಿ ಬಂದಾಗ ಹಡಗಕ್ಕ ಎಲ್ಲವನ್ನೂ ಬಿಡಿಸಿ ಹೇಳಿದಳು. ಕೌಂಟರಿನವಳು ಕೀಲಿಮಣೆ ಕುಟ್ಟಿದಳು.

"ಮೇಡಂ, ನಿಮಗೆ ಮೇಲಿನ ಕೋಣೆ ಸಿಕ್ಕಿದೆ."

"ಗೊತ್ತಮ್ಮಾ. ನನಗೆ ಕೆಳಗಿಂದೇ ಬೇಕು."

"ಮೇಲಿಂದು ಇನ್ನೂ ಚೆನ್ನಾಗಿದೆ ಮೇಡಂ."

"ಚೆನ್ನಾಗಿದೆ ತಾಯಿ. ಬಾಗಿಲು ಸಣ್ಣ."

"ಬಾಲ್ಕನಿ ಇದೆಯಲ್ಲ ಮೇಡಂ?"

"ಬಾಲ್ಕನೀಲಿ ಕೂರಿಸೋಕೆ ನನ್ನ ಯಜಮಾನ್ರೇನು ಹೂಕುಂಡಾನಾ?"

ಅವಳು ಒಳಗೆ ಹೋಗಿ ಮೇಲಧಿಕಾರಿಯನ್ನು ಕರೆತಂದಳು. ಇಸ್ತ್ರಿ ಕೆಡದ ಕೋಟು, ಮಾಸದ ನಗು. ಬಂದವನೇ ಹಡಗಕ್ಕನ ಕೈಕುಲುಕಿ, "ಇನ್ನೂರು ರಾತ್ರಿ! ಕಂಗ್ರಾಜುಲೇಶನ್ಸ್!" ಎಂದ. ಆ ಕ್ಷಣದಿಂದ ಅವಳ ಬಾಯಲ್ಲಿ ಅವನು ಕಂಗ್ರಾಟ್ಸ್ ಸಾಹೇಬನಾದ.

"ಮೇಡಂ, ಮೇಲಕ್ಕೆ ಏರಿಸೋದಕ್ಕೆ ಸಿಸ್ಟಮ್ಮಿನಲ್ಲಿ ಅವಕಾಶ ಇದೆ. ಇಳಿಸೋದಕ್ಕೆ ಇಲ್ಲ. ಯಾರೂ ಇದುವರೆಗೆ ಇಳಿಸಿ ಅಂತ ಕೇಳಿಲ್ಲ ನೋಡಿ."

"ಈಗ ಕೇಳ್ತಿದೀನಲ್ಲಪ್ಪಾ."

"ಅಲ್ಲದೆ ನಿಮ್ಮ ಅಗಲ ಬಾಗಿಲಿನ ಕೋಣೆ ಸಿಸ್ಟಮ್ಮೇ ಬೇರೆಯವರಿಗೆ ಕೊಟ್ಟುಬಿಟ್ಟಿದೆ. ಇಲ್ಲಿ ನೋಡಿ ಮೇಡಂ," ಎಂದು ಪರದೆಯನ್ನು ಅವಳತ್ತ ತಿರುಗಿಸಿದ. "ಇಪ್ಪತ್ತೆರಡು ಯಾನ, ಪ್ರತಿ ಸಲ ಕೊನೆಯಲ್ಲಿ ತುಂಬಿದ ಅಭಿಪ್ರಾಯ ಪತ್ರ. ಪ್ರತಿಯೊಂದು ಪ್ರಶ್ನೆಗೂ ಹತ್ತಕ್ಕೆ ಹತ್ತು. ಗ್ರಾಹಕರ ಸೇವೆಗೂ ಹತ್ತು! ನಿಮ್ಮಷ್ಟು ತೃಪ್ತರಾದ ಪ್ರಯಾಣಿಕರು ನಮ್ಮಲ್ಲಿ ಇನ್ನೊಬ್ಬರಿಲ್ಲ. ನಿಮಗೆ ಅತೃಪ್ತಿ ಅಂದ್ರೆ ಸಿಸ್ಟಮ್ಮು ನಂಬೋದೇ ಇಲ್ಲ."

ಹಡಗಕ್ಕ ಪರದೆಯ ಮೇಲಿನ ಹತ್ತುಗಳನ್ನು ಒಂದೊಂದಾಗಿ ನೋಡಿದಳು. ಆ ಹತ್ತುಗಳ ಗುಟ್ಟು ಹಡಗಿನ ಹಳೆಯ ಪ್ರಯಾಣಿಕರಿಗೆಲ್ಲ ಗೊತ್ತು. ಮೊದಲ ಯಾನದಲ್ಲೇ ಕೋಣೆ ಗುಡಿಸುವ ಹೆಂಗಸೊಬ್ಬಳು ಕೈಮುಗಿದು ಹೇಳಿದ್ದಳು: "ಅಮ್ಮಾ, ಒಂಬತ್ತು ಕೊಟ್ರೂ ನಮಗೆ ಫೇಲಾದ ಲೆಕ್ಕ. ಮುಂದಿನ ಸಲ ಕರೆಯಲ್ಲ." ಅಂದಿನಿಂದ ಹಡಗಕ್ಕ ಕಣ್ಣುಮುಚ್ಚಿ ಹತ್ತು ಹಾಕುತ್ತಾ ಬಂದಿದ್ದಳು. ಸೂಪು ತಣ್ಣಗಿದ್ದರೂ ಹತ್ತು, ನಲ್ಲಿ ಸೋರಿದರೂ ಹತ್ತು, ಹಣ್ಣು ಬರದಿದ್ದರೂ ಹತ್ತು. ಯಾರದೋ ಹೊಟ್ಟೆಯ ಮೇಲೆ ಹೊಡೆಯಬಾರದೆಂದು ಕೊಟ್ಟ ಅಂಕಗಳು ಒಟ್ಟಾಗಿ ಬಂದು ಅವಳದೇ ಬಾಯಿಗೆ ಬಟ್ಟೆ ತುರುಕಿದವು. ಒಳ್ಳೆಯದಕ್ಕೆ ಕಾಲವಲ್ಲ ಅನ್ನುತ್ತಾರಲ್ಲ, ಹಾಗೆ.

"ನಿಮಗೆ ಬೇಸರ ಆಗಿದ್ದಕ್ಕೆ ಎರಡು ಐಸ್‌ಕ್ರೀಮ್ ಚೀಟಿ ಕೊಡ್ತೀನಿ," ಎಂದ ಕಂಗ್ರಾಟ್ಸ್ ಸಾಹೇಬ.

ಮೂರನೇ ದಿನ ಬೆಳಿಗ್ಗೆ ಹಡಗಕ್ಕ ಗಂಡನ ಹಾಸಿಗೆ ಸರಿಮಾಡುವಾಗ ದಿಂಬಿನ ಪಕ್ಕದ ಹೂದಾನಿಯನ್ನು ಎತ್ತಿದಳು. ಭಾರವಾಗಿತ್ತು. ಮೂಸಿದಳು. ಟೀ! ನಿನ್ನೆ ಬೆಳಗಿನದು, ಸಂಜೆಯದು, ಇವತ್ತಿನದು, ಎಲ್ಲವೂ ಅದರೊಳಗೇ. ನೀರಿನ ಬಾಟಲಿ ನೋಡಿದಳು. ಮುಚ್ಚಳ ತೆಗೆದೇ ಇರಲಿಲ್ಲ. ಗಂಡನ ತುಟಿ ನೋಡಿದಳು. ಒಣಗಿ ಬಿರಿದಿತ್ತು.

"ಏನ್ರೀ ಇದು?"

ಅವನು ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡ.

"ಎರಡು ದಿನದಿಂದ ಒಂದು ತೊಟ್ಟು ನೀರು ಕುಡಿದಿಲ್ವೇನ್ರೀ ನೀವು?"

"ಕುಡಿದ್ರೆ ಹೋಗ್ಬೇಕಾಗುತ್ತಲ್ಲೇ," ಎಂದ ಮೆಲ್ಲಗೆ. "ಆ ಮನುಷ್ಯ ಒಳ್ಳೆಯವನು. ಎತ್ತಿ ಕೂರಿಸ್ತಾನೆ, ಆಮೇಲೆ ಆ ಕಡೆ ತಿರುಗಿ ನಿಂತ್ಕೊಂಡು ಹಾಡು ಗುನುಗ್ತಾನೆ, ನನಗೆ ನಾಚಿಕೆ ಆಗ್ಬಾರ್ದು ಅಂತ. ಆ ಹಾಡು ಕೇಳೋಕಿಂತ ಬಾಯಾರಿಕೆ ವಾಸಿ ಕಣೇ."

ಹಡಗಕ್ಕ ಒಂದು ಗಳಿಗೆ ಮಂಚದಂಚಿನಲ್ಲಿ ಕೂತಳು. ಡಾಕ್ಟರು ಹೇಳಿದ್ದು ಅವಳಿಗೆ ನೆನಪಿತ್ತು: ನೀರು ಕಡಿಮೆಯಾಗಬಾರದು, ರಕ್ತ ಗಟ್ಟಿಯಾದರೆ ಇನ್ನೊಂದು ಸಲ ಹೊಡೆಯಬಹುದು. ಮಾತು ಕೊಟ್ಟು ಕರೆತಂದವಳು ತಾನು. ಎದ್ದಳು. ದಿಂಬು, ಹೊದಿಕೆ, ಮಾತ್ರೆಯ ಡಬ್ಬಿ, ಸೂಜಿದಾರದ ಚೀಲ ಕಟ್ಟಿದಳು. ಕೋಣೆ ನೋಡಿಕೊಳ್ಳುವವನನ್ನು ಕರೆದು ಗಂಡನನ್ನು ಹೊರಗಿನ ಕುರ್ಚಿಗೆ ಏರಿಸಿಕೊಂಡು ಲಿಫ್ಟಿನಲ್ಲಿ ಐದನೇ ಮಹಡಿಗೆ ಇಳಿದಳು. ಗ್ರಾಹಕರ ಸೇವೆಯ ಕೌಂಟರಿನ ಎಡಕ್ಕೆ ಎಲ್ಲರಿಗಾಗಿ ಇರುವ ಒಂದು ಶೌಚಾಲಯವಿತ್ತು. ಟೇಪು ಹಿಡಿದಳು. ಮೂವತ್ತನಾಲ್ಕು ಇಂಚು.

"ರೀ, ನೀರು ಕುಡೀರಿ," ಎಂದಳು. ಅವನು ಎರಡು ಲೋಟ ಗಟಗಟ ಕುಡಿದ.

ಅದರ ಪಕ್ಕದ ಸೋಫಾದ ಮೇಲೆ ದಿಂಬಿಟ್ಟು ಹಡಗಕ್ಕ ಸಂಸಾರ ಹೂಡಿದಳು. ಕೌಂಟರಿನವಳು ಓಡಿಬಂದು, "ಮೇಡಂ, ಇಲ್ಲಿ ಇರೋ ಹಾಗಿಲ್ಲ" ಎಂದಳು. "ಯಾಕಮ್ಮಾ, ಇಪ್ಪತ್ತೆರಡು ವರ್ಷದ ತೃಪ್ತ ಪ್ರಯಾಣಿಕಳು ನಾನು, ಎಲ್ಲಿದ್ದರೂ ತೃಪ್ತಿಯಾಗಿರ್ತೀನಿ" ಎಂದು ಹಡಗಕ್ಕ ಸೂಜಿಗೆ ದಾರ ಪೋಣಿಸಿದಳು.

ಕೈಯಲ್ಲಿ ಸೂಜಿ ಹಿಡಿದು ಕೂತ ಹೆಂಗಸನ್ನು ಕಂಡರೆ ಜನಕ್ಕೆ ಸುಮ್ಮನಿರಲು ಆಗುತ್ತದೆಯೇ? ದೂರಿನ ಸಾಲಿನಲ್ಲಿ ನಿಂತವರಿಗೆ ಒಂದು ಗಂಟೆ ಬೇರೆ ಕೆಲಸವಿಲ್ಲ. ಒಬ್ಬನ ಕೋಟಿನ ಗುಂಡಿ ಹೋಗಿತ್ತು, ಒಬ್ಬಳ ಲಂಗದ ಅಂಚು ಬಿಚ್ಚಿತ್ತು. ಗುಂಡಿ ಹಾಕುತ್ತಾ ಹಾಕುತ್ತಾ ಹಡಗಕ್ಕ ಕಥೆ ಹೇಳಿದಳು: ಇನ್ನೂರು ರಾತ್ರಿಯ ಕಥೆ, ಇಪ್ಪತ್ತು ಇಂಚಿನ ಬಾಗಿಲಿನ ಕಥೆ. ಹೂದಾನಿಯ ಕಥೆ ಮಾತ್ರ ಹೇಳಲಿಲ್ಲ. ಅದು ಗಂಡನ ಮರ್ಯಾದೆಯ ಮಾತು. ಮಧ್ಯಾಹ್ನದ ಹೊತ್ತಿಗೆ ಕಥೆ ಹನ್ನೊಂದು ಮಹಡಿ ಹತ್ತಿ ಇಳಿದಿತ್ತು.

ಸಂಜೆಗೆ ಆ ದಪ್ಪ ಮೀಸೆಯ ಲಾರಿಯವನು ಹೆಂಡತಿಯೊಂದಿಗೆ ಬಂದು ನಿಂತ.

"ಅಕ್ಕಾ, ನೀವು ಮೊದಲು ಹಿಡಿದಿಟ್ಟಿದ್ದ ಕೋಣೆ ಆರುನೂರ ಹದಿನೆಂಟಾ?"

"ಹೌದಪ್ಪಾ, ಯಾಕೆ?"

"ನಾವೇ ಅದರಲ್ಲಿರೋದು! ನಾವು ಕೇಳಿರ್ಲಿಲ್ಲ ಅಕ್ಕಾ. ನಮಗೆ ಬಾಲ್ಕನಿ ಬೇಕಿತ್ತು. ಆ ಬಚ್ಚಲಿಗೆ ಹೊಸ್ತಿಲೇ ಇಲ್ಲ, ಸ್ನಾನ ಮಾಡಿದ್ರೆ ನೀರೆಲ್ಲ ಮಂಚದ ಕೆಳಗೆ. ಮೂರು ದಿನದಿಂದ ನನ್ನ ಚಪ್ಪಲಿ ತೇಲ್ತಾ ಇದೆ!"

"ಹಡಗಿಗೆ ಬಂದಿದೀರಲ್ಲ, ಏನಾದ್ರೂ ತೇಲ್ಬೇಕಲ್ಲ," ಎಂದ ಗಡಿಯಾರದಪ್ಪ. ಮೂರು ದಿನದಲ್ಲಿ ಅವನು ಆಡಿದ ಮೊದಲ ತಮಾಷೆ.

ಇನ್ನೇನು! ಬೇಕಾದವರಿಗೆ ಬೇಕಾದ್ದು ಅದಲುಬದಲು ಮಾಡಿಕೊಂಡರೆ ಆಯಿತು ಎಂದು ನಾಲ್ಕೂ ಜನ ಕೌಂಟರಿಗೆ ಹೋದರು. ಕಂಗ್ರಾಟ್ಸ್ ಸಾಹೇಬ ನಗು ಕೆಡಿಸಿಕೊಳ್ಳದೆ ತಲೆಯಾಡಿಸಿದ. ಆಗುವುದಿಲ್ಲ. ಇನ್ನೂರು ರಾತ್ರಿಯ ಮೆಟ್ಟಿಲಿನವರು ಎಂಟನೇ ಮಹಡಿಗಿಂತ ಕೆಳಗೆ ಇರಕೂಡದು, ಅದು ಕಂಪನಿ ಅವರಿಗೆ ಕೊಡುವ ಗೌರವ. ಹೇಳದೆ ಕೋಣೆ ಬದಲಿಸಿಕೊಳ್ಳೋಣವೆಂದರೆ ಬೀಗಕ್ಕೆ ಕಾರ್ಡು ಬೇರೆ ಬೇರೆ, ಅಪಾಯ ಬಂದಾಗ ಯಾರು ಎಲ್ಲಿದ್ದಾರೆಂಬ ಪಟ್ಟಿಯೂ ಬೇರೆ.

"ಅಲ್ಲಾ ಸಾಮಿ," ಎಂದ ಲಾರಿಯವನು, "ಕೊಡೋರು ಒಪ್ಪಿದ್ರು, ತಗೊಳ್ಳೋರು ಒಪ್ಪಿದ್ರು, ನಡುವೆ ನಿಂತಿರೋ ನಿಮಗೇನು ಹೊಟ್ಟೆನೋವು?"

"ನನಗೇನಿಲ್ಲ ಸರ್. ಸಿಸ್ಟಮ್ಮು."

"ಆ ಸಿಸ್ಟಮ್ಮನ್ನ ಒಂದ್ಸಲ ಹೊರಗೆ ಕರೀರಿ, ನಾನೇ ಮಾತಾಡ್ತೀನಿ."

ಇಡೀ ಸಾಲು ನಕ್ಕಿತು. ಹಡಗಕ್ಕ ನಗಲಿಲ್ಲ. ಅವಳು ಒಂದು ಬಟ್ಟೆಯ ತಪ್ಪನ್ನು ಹುಡುಕುವವಳಂತೆ ಹುಬ್ಬುಗಂಟಿಕ್ಕಿ ನಿಂತಿದ್ದಳು.

"ಮೆಟ್ಟಿಲಿಲ್ಲದವರು ಕೆಳಗೆ ಇರಬಹುದಾ?"

"ಹೊಸ ಪ್ರಯಾಣಿಕರಾ? ಎಲ್ಲಿ ಬೇಕಾದರೂ ಇರಬಹುದು ಮೇಡಂ."

"ಹಾಗಾದ್ರೆ ನಮ್ಮನ್ನ ಹೊಸಬರನ್ನ ಮಾಡಿ."

ಅವನ ನಗು ಮೊದಲ ಸಲ ಜಾರಿತು. "ಮೇಡಂ, ಹಾಗಂದ್ರೆ ನಿಮ್ಮಿಬ್ಬರ ಖಾತೆ ಮುಚ್ಚಬೇಕಾಗುತ್ತೆ. ಇಪ್ಪತ್ತೆರಡು ಯಾನದ ರಾತ್ರಿಗಳೂ ಹೋಗುತ್ತವೆ. ಕಾರ್ಡು ಹೋಗುತ್ತೆ. ಮತ್ತೆ ಸೊನ್ನೆಯಿಂದ ಶುರು. ವಾಪಸ್ ತರೋಕಾಗಲ್ಲ. ಯೋಚನೆ ಮಾಡಿ, ನಾಳೆ ಹೇಳಿ."

ಹಡಗಕ್ಕನ ಕೈ ಕತ್ತಿಗೆ ನೇತುಹಾಕಿದ್ದ ಕಾರ್ಡಿನ ಮೇಲಿತ್ತು. ಅದನ್ನು ಮುಚ್ಚಿಡಲು ಅವಳು ಉಳಿದ ಮಖಮಲ್ಲಿನ ತುಂಡಿನಿಂದ ಚೀಲ ಹೊಲಿದಿದ್ದಳು. ಬೀದಿಯವರಿಗೆಲ್ಲ ಅದನ್ನು ತೋರಿಸಿದ್ದಳು. ನಾದಿನಿಗಂತೂ ಎರಡೆರಡು ಸಲ. ಗಡಿಯಾರದಪ್ಪ ಅವಳ ಸೆರಗು ಎಳೆದ.

"ಬೇಡ ಕಣೇ. ಇನ್ನು ಆರೇ ದಿನ. ಹೇಗೋ ಇಲ್ಲೇ ಕಳೆದ್ರಾಯ್ತು. ಅಷ್ಟು ವರ್ಷದ್ದು…"

"ನೀವು ಸುಮ್ನಿರಿ," ಎಂದಳು ಹಡಗಕ್ಕ. ಧ್ವನಿ ಸಿಟ್ಟಿನದ್ದೇ. "ತೇಲಿದ್ದನ್ನ ಯಾವನು ಕಿತ್ಕೊಳ್ತಾನೆ? ಇವರ ಪುಸ್ತಕದಲ್ಲಿ ಇಲ್ಲಾಂದ್ರೆ ನಾವು ಹೋಗೇ ಇಲ್ವಾ? ಎಲ್ಲಿ ಸಾಹೇಬ್ರೇ, ಕಾಗದ ತನ್ನಿ."

ಒಂಬತ್ತು ಕಡೆ ಸಹಿ ಹಾಕಿಸಿದರು. ಗಂಡನ ಸಹಿಗೆ ಬಲಗೈ ಹಿಡಿದುಕೊಟ್ಟಳು. ಕಾರ್ಡು ಕೊಡಬೇಕಾದಾಗ ಮಖಮಲ್ಲಿನ ಚೀಲವನ್ನು ಬಿಡಿಸಿಟ್ಟುಕೊಂಡು ಬರೀ ಕಾರ್ಡನ್ನು ಕೌಂಟರಿನ ಮೇಲೆ ಎಸೆದಳು. ಅಷ್ಟೆಲ್ಲ ಆದ ಮೇಲೂ ಸಿಸ್ಟಮ್ಮು ಒಪ್ಪಲು ಮರುದಿನ ಮಧ್ಯಾಹ್ನವಾಯಿತು. ನಾಲ್ಕನೇ ದಿನದ ಊಟದ ಹೊತ್ತಿಗೆ ಆರುನೂರ ಹದಿನೆಂಟರ ಕೀಲಿ ಕೈಗೆ ಬಂತು. ಲಾರಿಯವನು ತೊಯ್ದ ಚಪ್ಪಲಿ ಹಿಡಿದುಕೊಂಡು ಕುಣಿಯುತ್ತಾ ಬಾಲ್ಕನಿಗೆ ಹೋದ.

ಹೊಸ ಕೋಣೆಯ ಮೇಜಿನ ಮೇಲೆ ಒಂದು ಪತ್ರ ಕಾಯುತ್ತಿತ್ತು: 'ಮೊದಲ ಸಲ ಹಡಗು ಹತ್ತುತ್ತಿದ್ದೀರಾ? ಹೆದರಬೇಡಿ!' ಪಕ್ಕದಲ್ಲಿ ಒಂದು ತಟ್ಟೆ ತುಂಬ ಹಣ್ಣು.

"ಥೂ ಇವರ!" ಎಂದು ಹಡಗಕ್ಕ ಪತ್ರ ಹರಿದಳು. ಹಣ್ಣು ತಿಂದಳು, ಸಿಟ್ಟಿನಲ್ಲೇ. ಬಿಟ್ಟರೆ ಅವರಿಗೇ ಲಾಭ.

ಗಡಿಯಾರದಪ್ಪ ಮೂರು ಲೋಟ ನೀರು, ಮೇಲೆ ಒಂದು ದೊಡ್ಡ ಲೋಟ ಟೀ ಕುಡಿದು, ಕುರ್ಚಿಯನ್ನು ಒಂದೇ ಕೈಯಲ್ಲಿ ಓರೆಯೋರೆಯಾಗಿ ತಳ್ಳಿಕೊಂಡು ಬಚ್ಚಲಿಗೆ ಹೊರಟ. ಇಲ್ಲೂ ಮೂವತ್ತನಾಲ್ಕು ಇಂಚಿನ ಬಾಗಿಲು, ಗಾಲಿ ಎಲ್ಲೂ ತಗಲಲಿಲ್ಲ. ಬಾಗಿಲು ಮುಚ್ಚಿಕೊಂಡ. ಹೊರಗೆ ಹಡಗಕ್ಕ ಮಂಚದ ಮೇಲೆ ಕಾಲು ಚಾಚಿ ಕಣ್ಣು ಮುಚ್ಚಿದಳು. ಒಳಗಿನಿಂದ ಒಂದು ದೊಡ್ಡ ನಿಟ್ಟುಸಿರು ಕೇಳಿಸಿತು. ಆಮೇಲೆ ಅವನ ದನಿ.

"ಲೇ, ಇಲ್ಲೊಂದು ಕೆಂಪು ಹಗ್ಗ ನೇತಾಡ್ತಿದೆ. ಇದನ್ನೆಳೆದ್ರೆ ನೀರು ಬರುತ್ತಾ?"

"ಎಳೀಬೇಡಿ ರೀ!" ಎಂದು ಅವಳು ಏಳುವಷ್ಟರಲ್ಲಿ ಎಳೆದಾಗಿತ್ತು.

ಅದು ಯಾರಾದರೂ ಬಿದ್ದರೆ ಎಳೆಯುವ ಹಗ್ಗ. ಓಣಿಯಲ್ಲಿ ಗಂಟೆ ಬಡಿಯಿತು. ಒಂದೇ ನಿಮಿಷ! ನಾಲ್ಕು ದಿನ ಕಣ್ಣೆತ್ತಿ ನೋಡದವರು ಬುಡಕ್ಕೆ ಬೆಂಕಿ ಬಿದ್ದಂತೆ ಓಡಿಬಂದರು. ಡಾಕ್ಟರು, ಇಬ್ಬರು ದಾದಿಯರು, ಸ್ಟ್ರೆಚರ್ ಹಿಡಿದವನು, ಹಿಂದೆ ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಕಂಗ್ರಾಟ್ಸ್ ಸಾಹೇಬ.

"ಸರಿಯಿರಿ ಮೇಡಂ, ಬಾಗಿಲು ತೆಗೀಬೇಕು!"

ಹಡಗಕ್ಕ ಬಚ್ಚಲ ಬಾಗಿಲಿಗೆ ಬೆನ್ನು ಕೊಟ್ಟು ಎರಡೂ ಕೈ ಚಾಚಿ ನಿಂತಳು. ಮೂವತ್ತನಾಲ್ಕು ಇಂಚನ್ನು ಈ ತುದಿಯಿಂದ ಆ ತುದಿಗೆ ತುಂಬಿಕೊಂಡು.

"ಏನೂ ಆಗಿಲ್ಲ. ಅವರಿಗೆ ಹೊತ್ತಾಗುತ್ತೆ."

"ಒಳಗೆ ಒಬ್ಬರೇ ಇದ್ದಾರಾ?" ಎಂದರು ಡಾಕ್ಟರು.

"ಹೂಂ," ಎಂದಳು ಹಡಗಕ್ಕ, ಜಾಗ ಬಿಡದೆ. "ಒಬ್ಬರೇ ಹೋಗಿದ್ದಾರೆ, ಒಬ್ಬರೇ ಬರ್ತಾರೆ. ಕೂತ್ಕೊಳ್ಳಿ ಎಲ್ರೂ."